ಕಂಪನಿದೇ

ಆರ್‌ಟಿಓ ಆಫೀಸಿನ ಎದುರು, ಹೊಂಗೆ ಮರದ ಬುಡದಲ್ಲಿ
ಮೂವತ್ತೆಂಟು ವರ್ಷ ಕೂತವನು ನಾನು.
ಚಾಸಿಸ್ ನಂಬರಿನ ಮೇಲೆ ತೆಳುಕಾಗದ ಇಟ್ಟು
ಸೀಸದಕಡ್ಡಿ ಉಜ್ಜಿ
ಕಬ್ಬಿಣದ ಹೆಸರನ್ನು ಕಾಗದಕ್ಕೆ ಇಳಿಸುವವನು.
ಹಾಸನಕ್ಕೆಲ್ಲ ಪ್ರಿಂಟಣ್ಣ.
ರೇಷನ್ ಕಾರ್ಡಿನಲ್ಲಿರುವ ಹೆಸರು ನನ್ನ ಹೆಂಡತಿಗಷ್ಟೇ ಗೊತ್ತು.

ಚಿಕ್ಕಮಗಳೂರಿಂದ ಹಲ್ಲಿನ ಡಾಕ್ಟರು ಬಂದಿದ್ದರು,
ನಿರೂಪ್ ಅಂತ, ಸಣ್ಣ ವಯಸ್ಸು, ಕೈಯಲ್ಲಿ ಮೂರು ಹಾಳೆ ಪಟ್ಟಿ.
ಯಾವುದು ಕಾರ್ಖಾನೆಯದು, ಯಾವುದು ಆಮೇಲೆ ಸೇರಿದ್ದು
ನೀವೇ ಹೇಳಬೇಕು ಅಂಕಲ್, ಅಂದರು.
ಪೆನ್ಷನ್ ಮೊಹಲ್ಲಾದ ಶೆಡ್ಡಿನಲ್ಲಿ
ಗೋಣಿಚೀಲ ಹೊದ್ದು ನಿಂತಿತ್ತು
ಅಂತೋಣಪ್ಪನ ಜಾವಾ.

ನಂಬರಿನಿಂದ ಶುರು ಮಾಡಿದೆ.
ಮೊದಲು ನೋಡಬಾರದು, ಮುಟ್ಟಬೇಕು.
ಅರದಲ್ಲಿ ಉಜ್ಜಿ ಮತ್ತೆ ಹೊಡೆದ ಅಂಕಿಯಾದರೆ
ಹೆಬ್ಬೆರಳಿಗೆ ಸಣ್ಣ ಹಳ್ಳ ಸಿಗುತ್ತೆ,
ಕೆರೆ ಬತ್ತಿದ ಜಾಗದ ಹಾಗೆ.
ಇಲ್ಲಿ ಮಟ್ಟಸ. ಏಳು ಮಾತ್ರ ಒಂಚೂರು ವಾಲಿತ್ತು,
ಅಚ್ಚು ಹಿಡಿದವನಿಗೆ ಊಟದ ಹೊತ್ತಾಗಿತ್ತೋ ಏನೋ.
ಇಂಜಿನ್ನಿನ ಮೇಲೂ ಅದೇ ನಂಬರು, ಅದೇ ವಾಲಿದ ಏಳು.
ಡಾಕ್ಟರು ಟಿಕ್ ಹಾಕಿಕೊಂಡರು.

ಟ್ಯಾಂಕಿಗೆ, ಬಟ್ಟೆ ಸುತ್ತಿದ ಅಯಸ್ಕಾಂತ.
ಒಳಗೆ ಪುಟ್ಟಿ ಮೆತ್ತಿದ್ದರೆ ಜಾರುತ್ತೆ;
ಇದು ಎಮ್ಮೆ ಕಿವಿಗೆ ಉಣ್ಣೆ ಕಚ್ಚಿದ ಹಾಗೆ ಕಚ್ಚಿತು.
ಬಂಗಾರದ ಗೆರೆ ನೋಡಿ ಅಂದೆ.
ಸ್ಟಿಕರ್ ಆದರೆ ಉಗುರು ತಡೆಯುತ್ತೆ, ಅಳತೆ ಎಲ್ಲೂ ತಪ್ಪಲ್ಲ.
ಕಾರ್ಖಾನೆಯದು ಕುಂಚದ್ದು,
ತಿರುವಿನಲ್ಲಿ ಉಸಿರು ಹಿಡಿದು ದಪ್ಪಗಾಗಿ
ಮುಗಿಯುವಲ್ಲಿ ಕೂದಲಷ್ಟು ನಡುಗುತ್ತೆ.
ನಡುಗಿದ್ದೇ ಅಸಲಿ, ಡಾಕ್ಟ್ರೇ.
ಅವರು ಬಾಯೊಳಗೆ ಇಡುವ ಪುಟ್ಟ ಕನ್ನಡಿ ತೆಗೆದು
ಟ್ಯಾಂಕಿನ ಕೆಳಹೊಟ್ಟೆಯನ್ನೂ ನೋಡಿದರು.
ಅಲ್ಲೂ ನಡುಗಿತ್ತು.

ಕಿಕ್ಕೂ ಗೇರೂ ಒಂದೇ ಲಿವರು, ಸರಿ.
ಅದರ ರಬ್ಬರು ಹವಾಯಿ ಚಪ್ಪಲಿ ಕತ್ತರಿಸಿದ್ದು, ನೀಲಿ.
ಹಾರ್ನು ಲಾರಿಯದು. ಕನ್ನಡಿ ಯಾವುದೋ ಸ್ಕೂಟರಿನದು.
ಸೀಟಿನ ದಾರ ನೋಡಿದರೇ ಗೊತ್ತು,
ಕಟ್ಟಿನಕೆರೆ ಮಾರ್ಕೆಟ್ಟಿನ ಹೊಲಿಗೆ.
ತಪ್ಪು, ತಪ್ಪು, ತಪ್ಪು.

ಹಿಂದಿನ ಮಡ್‌ಗಾರ್ಡಿಗೆ ಬಂದೆವು.
ಎರಡು ತಗ್ಗು. ಎಡಕ್ಕೊಂದು, ಬಲಕ್ಕೊಂದು,
ಅರ್ಧ ನಿಂಬೆಹಣ್ಣು ಕೂರುವಷ್ಟು, ಒಂದೇ ಆಳ,
ಯಾರೋ ಅಳೆದು ಒತ್ತಿದ ಹಾಗೆ.
‘ಇದು?’

ಬಾಗಿಲಲ್ಲಿ ಫಿಲೋಮಿನಾ ನಿಂತಿದ್ದಳು, ಅಂತೋಣಪ್ಪನ ಮಗಳು,
ಸ್ಕೂಲಿನ ಡ್ರಿಲ್ ಟೀಚರು, ಕೊರಳಲ್ಲಿ ಇನ್ನೂ ಸೀಟಿ.
ಏನೂ ಅನ್ನಲಿಲ್ಲ.

ನನಗೆ ಗೊತ್ತಿತ್ತು.
ಹಾಸನದ ಟಾಕೀಸಿಗೂ ನಮ್ಮ ಶಾಂತಿಗ್ರಾಮದ ಟೆಂಟಿಗೂ
ಆಗ ಒಂದೇ ಪ್ರಿಂಟು.
ಇಲ್ಲಿ ಓಡಿ ಮುಗಿದ ರೀಲನ್ನು
ತಗಡಿನ ಪೆಟ್ಟಿಗೆಯಲ್ಲಿ ಹಿಂದೆ ಬಿಗಿದು ಅಂತೋಣಪ್ಪ ಹೊರಡುತ್ತಿದ್ದ.
ಚಕ್ರ ಗುಂಡಿಗೆ ಇಳಿದಾಗಲೆಲ್ಲ
ಪೆಟ್ಟಿಗೆ ಎದ್ದು ಕೂರುತ್ತಿತ್ತು, ಅದೇ ಜಾಗಕ್ಕೆ, ಅವೇ ಎರಡು ಮೂಲೆ.
ಟೆಂಟಿನಲ್ಲಿ ಬರೀ ಬಿಳಿ ಪರದೆ, ಬೀಡಿ ಹೊಗೆ, ಶಿಳ್ಳೆ.
ಕತ್ತಿ ಎತ್ತಿದ ರಾಜಕುಮಾರ ಎತ್ತಿದಂತೆಯೇ ಮಾಯ.
ದೂರದಲ್ಲಿ ಡುಗುಡುಗು ಕೇಳಿದ್ದೇ
ನಾವು ಹುಡುಗರು ಮರಳಿನಿಂದ ಎದ್ದು ಕೂಗುತ್ತಿದ್ದೆವು:
ಬಂತು! ಕತೆ ಬಂತು!

ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯೋದು?
ಡಾಕ್ಟರ ಪೆನ್ನು ಕಾಯುತ್ತಿತ್ತು.
ತಪ್ಪು ಅಂದರೆ ನಾಳೆಯೇ ಬಡಿಸಿ ಮಟ್ಟ ಮಾಡಿಸುತ್ತಾರೆ.

‘ಕಂಪನಿದೇ’ ಅಂದೆ.

ಮೂವತ್ತೆಂಟು ವರ್ಷದಲ್ಲಿ ಒಂದಂಕಿ ತಪ್ಪಿಳಿಸಿದವನಲ್ಲ.
ಫಿಲೋಮಿನಾ ನನ್ನ ಮುಖ ನೋಡಿ
ಸೀಟಿಯನ್ನು ತುಟಿಗಿಟ್ಟು
ಊದದೆ ಇಳಿಸಿದಳು.
ಡಾಕ್ಟರು ಟಿಕ್ ಹಾಕಿಕೊಂಡರು.

ಮೊನ್ನೆ ಚಿಕ್ಕಮಗಳೂರಿನ ಟಿಂಕರ್ ಹುಡುಗ ಸಿಕ್ಕಿದ್ದ.
ಇನ್ನಿಬ್ಬರು ಜಾವಾ ತಂದು ನಿಲ್ಲಿಸಿದ್ದಾರಂತೆ,
ಚೆನ್ನಾಗಿರೋ ಮಡ್‌ಗಾರ್ಡಿಗೆ ಎರಡು ತಗ್ಗು ಹಾಕಿಕೊಡು,
ಒರಿಜಿನಲ್ ಆಗಬೇಕು, ಅಂತ.
‘ಸುತ್ತಿಗೇಲಿ ಸರಿಯಾಗಿ ಬರ್ತಿಲ್ಲ ಪ್ರಿಂಟಣ್ಣ,
ಅದ್ಯಾವ ಮಿಷನ್ನಲ್ಲಿ ಒತ್ತುತಿದ್ರು
ಕಂಪನಿಯೋರು?’